ಕಾರ್ಬನ್ನಿನ ನಾಲ್ಕು ಸಮಾನ ಬಂಧಗಳು

ಮೀಥೇನ್ ಅಣುವಿನ ಮಧ್ಯದಲ್ಲಿ ಕಾರ್ಬನ್, ಸುತ್ತ ನಾಲ್ಕು ಹೈಡ್ರೊಜನ್. ಯಾವುದೇ ಎರಡು ಬಂಧಗಳ ನಡುವಣ ಕೋನ ಸುಮಾರು 109.5 ಡಿಗ್ರಿ. ನಾಲ್ಕು ಮುಖಗಳ ಈ ಚತುಷ್ಫಲಕವನ್ನು ವಾಂಟ್ ಹಾಫ್ 1874ರಲ್ಲೇ ಸೂಚಿಸಿದ್ದರು; ಆಗಿನ್ನೂ ಎಲೆಕ್ಟ್ರಾನ್ ಪತ್ತೆಯಾಗಿರಲಿಲ್ಲ. ಪಶುವೈದ್ಯ ಶಾಲೆಯ ಮೇಷ್ಟರ ಕಲ್ಪನಾವಿಲಾಸವೆಂದು ಜರ್ಮನಿಯ ಕೋಲ್ಬೆ 1877ರಲ್ಲಿ ಅವರನ್ನು ಗೇಲಿ ಮಾಡಿದರು. ರಸಾಯನವಿಜ್ಞಾನದ ಮೊಟ್ಟಮೊದಲ ನೊಬೆಲ್ ಪಾರಿತೋಷಕ 1901ರಲ್ಲಿ ದೊರೆತದ್ದು ವಾಂಟ್ ಹಾಫರಿಗೇ.

ನಿಜವಾದ ತೊಡಕು ಎದ್ದದ್ದು ಕ್ವಾಂಟಂ ಸಿದ್ಧಾಂತ ಬಂದ ಮೇಲೆ. ಕಾರ್ಬನ್ನಿನ ಹೊರ ಕವಚದಲ್ಲಿ 2ಎಸ್ ಕಕ್ಷಕದಲ್ಲಿ (ಆರ್ಬಿಟಲ್) ಎರಡು, 2ಪಿ ಕಕ್ಷಕಗಳಲ್ಲಿ ಎರಡು ಎಲೆಕ್ಟ್ರಾನುಗಳಿವೆ. ಒಂಟಿಯಾಗಿರುವವು ಎರಡೇ, ಹಾಗಾದರೆ ವೇಲೆನ್ಸಿ ಎರಡಾಗಬೇಕಿತ್ತು. 2ಎಸ್‌ನಿಂದ ಒಂದನ್ನು 2ಪಿಗೆ ಏರಿಸಿದರೆ ಬಂಧಗಳೇನೋ ನಾಲ್ಕಾಗುತ್ತವೆ. ಆದರೆ ಮೂರು ಪಿ ಕಕ್ಷಕಗಳು ಪರಸ್ಪರ ಲಂಬ, ಎಸ್‌ಗೆ ದಿಕ್ಕೇ ಇಲ್ಲ. ಮೂರು ಬಂಧಗಳು ಒಂದು ಬಗೆ, ನಾಲ್ಕನೆಯದು ಬೇರೆ ಬಗೆ ಎಂದಾಯಿತು. ರೋಹಿತಗಳನ್ನು ಅಳೆಯುತ್ತಿದ್ದ ಭೌತವಿಜ್ಞಾನಿಗಳು ಎಸ್–ಪಿ ವ್ಯತ್ಯಾಸವನ್ನು ಬಿಡಲೊಲ್ಲರು. ರಸಾಯನವಿಜ್ಞಾನಿಗಳು ನಾಲ್ಕರ ಸಮಾನತೆಯನ್ನು ಬಿಡಲೊಲ್ಲರು.

ಕ್ಯಾಲಿಫೋರ್ನಿಯದ ಲೈನಸ್ ಪಾಲಿಂಗ್ 1928ರಲ್ಲಿ ಉತ್ತರವಿದೆಯೆಂದು ಸೂಚಿಸಿದರೂ ಜಟಿಲ ಗಣಿತ ಮುಂದೆ ಸಾಗಲಿಲ್ಲ. 1930ರ ಡಿಸೆಂಬರಿನ ಒಂದು ಸಂಜೆ ದಾರಿ ತೋರಿತು. ಕೇಂದ್ರದಿಂದ ದೂರಕ್ಕೆ ಸಂಬಂಧಿಸಿದ ಭಾಗ 2ಎಸ್, 2ಪಿ ಎರಡರಲ್ಲೂ ಹೆಚ್ಚುಕಡಿಮೆ ಒಂದೇ ಎಂದು ಅದನ್ನು ಕೈಬಿಟ್ಟು, ಕೋನಕ್ಕೆ ಸಂಬಂಧಿಸಿದ ಭಾಗವನ್ನಷ್ಟೇ ಉಳಿಸಿಕೊಂಡರು. ಭೌತವಿಜ್ಞಾನಿಗೆ ಇದು ತುಸು ಧಾರ್ಷ್ಟ್ಯವೆನಿಸೀತು! ಒಂದು ಎಸ್, ಮೂರು ಪಿಗಳನ್ನು ಬೆರೆಸಿದಾಗ ಚತುಷ್ಫಲಕದ ಮೂಲೆಗಳತ್ತ ಚಾಚಿದ ನಾಲ್ಕು ಸಮಾನ ಫಲನಗಳು ಬಂದವು. ಎಸ್‌ನ ಬಂಧಸಾಮರ್ಥ್ಯ 1 ಎಂದಿಟ್ಟರೆ ಪಿಯದು 1.732, ಮಿಶ್ರಣದ್ದು 2. ಪ್ರಬಂಧ 1931ರ ಏಪ್ರಿಲ್‌ನಲ್ಲಿ ಪ್ರಕಟವಾಯಿತು. ಅದೇ ವರ್ಷ ಭೌತವಿಜ್ಞಾನಿ ಸ್ಲೇಟರ್ ಕೂಡ ಸ್ವತಂತ್ರವಾಗಿ ಇದೇ ನಿಲುವಿಗೆ ಬಂದರು.

ಪಠ್ಯಪುಸ್ತಕಗಳು ಇದನ್ನು ‘ಮೊದಲು ಉತ್ತೇಜನ, ಆಮೇಲೆ ಸಂಕರಣ, ಕೊನೆಗೆ ಬಂಧ’ ಎಂದು ಘಟನಾವಳಿಯಂತೆ ಹೇಳುತ್ತವೆ. ಪರಮಾಣುವಿನಲ್ಲಿ ಅಂಥ ಘಟನೆ ಯಾವುದೂ ನಡೆಯುವುದಿಲ್ಲ. ಅಕ್ಷಗಳನ್ನು ತಿರುಗಿಸಿದರೆ ಸದಿಶದ ಘಟಕಗಳು ಬದಲಾಗುತ್ತವೆ, ಸದಿಶ ಬದಲಾಗುವುದಿಲ್ಲ. ಸಂಕರಣವೂ ಇಂಥದೇ ಒಂದು ಬರವಣಿಗೆ. ಮೀಥೇನಿನ ದ್ಯುತಿ ಎಲೆಕ್ಟ್ರಾನ್ ರೋಹಿತದಲ್ಲಿ ಹೊರ ಎಲೆಕ್ಟ್ರಾನುಗಳಿಗೆ ಒಂದಲ್ಲ, ಎರಡು ಪಟ್ಟಿಗಳಿವೆ: ಸುಮಾರು 14 ಮತ್ತು 23 ಎಲೆಕ್ಟ್ರಾನ್ ವೋಲ್ಟ್‌ಗಳಲ್ಲಿ. ಇದರಿಂದ ಪಾಲಿಂಗ್ ಸೋತಂತಲ್ಲ. ಹೊರಬಿದ್ದ ಎಲೆಕ್ಟ್ರಾನ್ ಬಿಟ್ಟುಹೋದ ತೆರವು ಒಂದೇ ಬಂಧದಲ್ಲಿ ನಿಲ್ಲದೆ ನಾಲ್ಕರಲ್ಲೂ ಹರಡುತ್ತದೆ. ಅದನ್ನು ಲೆಕ್ಕಕ್ಕೆ ತಂದರೆ ಸಂಕರ ಕಕ್ಷಕಗಳಿಂದಲೇ ಒಂದು ಮತ್ತು ಮೂರು ಎಂಬ ಎರಡು ಮಟ್ಟಗಳು ದೊರೆಯುತ್ತವೆ.

ತರಗತಿಯಲ್ಲಿ ‘ಸಂಕರಣದಿಂದಾಗಿ ಕೋನ 109.5’ ಎನ್ನುವ ಮುನ್ನ ಹೈಡ್ರೊಜನ್ ಸಲ್ಫೈಡನ್ನು ನೋಡಬಹುದು. ಅಲ್ಲಿ ಅಳೆದ ಕೋನ ಸುಮಾರು 92 ಡಿಗ್ರಿ. ಗಂಧಕದ ಪಿ ಕಕ್ಷಕಗಳೇ ಬಹುಮಟ್ಟಿಗೆ ಸಾಕಾಗುತ್ತವೆ.