ದಾರಿಯಲ್ಲೇ ಶುರುವಾಗುವ ತಂಪು: ನವಜಾತ ಶಿಶು ಸಾಗಣೆಯ ಒಂದು ಚರಿತ್ರೆ

ಹೆರಿಗೆಯ ಹೊತ್ತಿನಲ್ಲಿ ಆಮ್ಲಜನಕ ಸಾಲದೆ ಮಿದುಳಿಗೆ ಹಾನಿಯಾದ ಮಗುವನ್ನು ದೊಡ್ಡ ಆಸ್ಪತ್ರೆಗೆ ಒಯ್ಯುವಾಗ ಇನ್‌ಕ್ಯುಬೇಟರಿನ ಶಾಖವನ್ನು ಬೇಕೆಂದೇ ಆರಿಸುವ ಪದ್ಧತಿಗೆ ಸುಮಾರು ಎರಡು ದಶಕಗಳ ವಯಸ್ಸು. ಅದಕ್ಕೂ ಮುಂಚೆ ಸಾಗಣೆಯ ಮೊದಲ ಪಾಠವೇ ಮಗು ತಣ್ಣಗಾಗಬಾರದು ಎಂಬುದಾಗಿತ್ತು. ಅದಕ್ಕೆ ಗಟ್ಟಿ ಆಧಾರವಿತ್ತು. ಇನ್‌ಕ್ಯುಬೇಟರನ್ನು ಹೆಚ್ಚು ಬೆಚ್ಚಗಿಟ್ಟರೆ ಅವಧಿಗೆ ಮುನ್ನ ಹುಟ್ಟಿದ ಮಕ್ಕಳಲ್ಲಿ ಉಳಿಯುವವರ ಸಂಖ್ಯೆ ಹೆಚ್ಚುತ್ತದೆಂದು ನ್ಯೂಯಾರ್ಕಿನ ವಿಲಿಯಂ ಸಿಲ್ವರ್‌ಮನ್ ಮತ್ತು ಸಂಗಡಿಗರು 1958ರಲ್ಲಿ ತೋರಿಸಿದ್ದರು. ಅದೇ ದಶಕದಲ್ಲಿ ಸ್ವೀಡನ್ನಿನ ಬ್ಯೋರ್ನ್ ವೆಸ್ಟಿನ್ ಉಸಿರಾಡದ ಶಿಶುಗಳನ್ನು ತಣ್ಣೀರಿನಲ್ಲಿಟ್ಟು ಬದುಕಿಸಲು ಯತ್ನಿಸಿದ್ದರು. ಹೋಲಿಕೆಯ ಗುಂಪಿಲ್ಲದ ಆ ಯತ್ನ ಮೂಲೆ ಸೇರಿದ್ದು ಸಹಜವೇ.

ಅದು ಮತ್ತೆ ಜೀವ ಪಡೆದದ್ದು ಪ್ರಯೋಗಾಲಯದಲ್ಲಿ. 1980ರ ದಶಕದಲ್ಲಿ ಲಂಡನ್ನಿನ ಆಸ್ಮಂಡ್ ರೆನಾಲ್ಡ್ಸ್ ತಂಡ ಇಂಥ ಶಿಶುಗಳ ಮಿದುಳಿನ ಶಕ್ತಿ ಮೊದಲು ಚೇತರಿಸಿಕೊಂಡು, ಹಲವು ಗಂಟೆಗಳ ಬಳಿಕ ಮತ್ತೆ ಕುಸಿಯುವುದನ್ನು ಕಂಡಿತು. ಚಿಕಿತ್ಸೆಗೆ ಅವಕಾಶವಿದ್ದದ್ದು ಈ ಎರಡು ಘಟ್ಟಗಳ ನಡುವೆ. ಆಕ್ಲೆಂಡಿನಲ್ಲಿ ಅಲಿಸ್ಟೇರ್ ಗನ್ ಗರ್ಭಸ್ಥ ಕುರಿಮರಿಗಳ ತಲೆಯನ್ನು ತಂಪಾಗಿಸಿ ನೋಡಿದರು: ಹಾನಿಯಾದ ಒಂದೂವರೆ ಗಂಟೆಯಲ್ಲಿ ಶುರುಮಾಡಿದರೆ ಬಹಳ ಪ್ರಯೋಜನ, ಐದೂವರೆ ಗಂಟೆಗೆ ಕಡಿಮೆ, ಎಂಟೂವರೆ ಗಂಟೆಗೆ ಇಲ್ಲವೇ ಇಲ್ಲ. ಮಾನವ ಶಿಶುಗಳಿಗೆ ಆರು ಗಂಟೆಯ ಗಡುವು ಬಂದದ್ದು ಇಂಥ ಪ್ರಯೋಗಗಳಿಂದ.

2005ರಲ್ಲಿ ಸೀತಾ ಶಂಕರನ್ ನೇತೃತ್ವದ ಅಮೆರಿಕದ ಅಧ್ಯಯನ 208 ಶಿಶುಗಳ ಫಲಿತಾಂಶ ಪ್ರಕಟಿಸಿತು. ಮೈಯನ್ನು 72 ಗಂಟೆ 33.5 ಡಿಗ್ರಿಯಲ್ಲಿಟ್ಟ ಮಕ್ಕಳಲ್ಲಿ ಸಾವು ಅಥವಾ ಮಧ್ಯಮದಿಂದ ಗಂಭೀರ ನ್ಯೂನತೆ ಶೇ. 44, ಉಳಿದವರಲ್ಲಿ ಶೇ. 62. ಚಿಕಿತ್ಸೆ ಸಾಬೀತಾಯಿತು, ಆದರೆ ಅದು ಸಿಗುತ್ತಿದ್ದದ್ದು ಕೆಲವೇ ಕೇಂದ್ರಗಳಲ್ಲಿ. ದೂರದಲ್ಲಿ ಹುಟ್ಟಿದ ಮಗುವಿನ ಆರು ಗಂಟೆಗಳು ಕರೆ, ತಂಡದ ಬರವು, ಹಿಂತಿರುಗುವ ದಾರಿ ಇವುಗಳಲ್ಲೇ ಕಳೆದುಹೋಗುತ್ತಿದ್ದವು. ಹೀಗಾಗಿ ಚಿಕಿತ್ಸೆಯೇ ಆಂಬುಲೆನ್ಸ್ ಹತ್ತಬೇಕಾಯಿತು.

ಆರಂಭದ ವಿಧಾನ ತೀರ ಸರಳ. ಶಾಖ ಆರಿಸುವುದು, ಬಟ್ಟೆ ತೆಗೆಯುವುದು, ಸಾಲದಿದ್ದರೆ ತಂಪು ಜೆಲ್ ಚೀಲಗಳನ್ನಿಡುವುದು. ಆಮ್ಲಜನಕ ಸಿಗದೆ ಬಳಲಿದ ಶಿಶುವಿನ ಮೈ ಶಾಖವನ್ನು ಸರಿಯಾಗಿ ಹುಟ್ಟಿಸಲಾರದು. ಅದು ತಾನಾಗಿಯೇ ತಣ್ಣಗಾಗುತ್ತದೆ, ಎಲ್ಲಿ ನಿಲ್ಲಬೇಕೆಂಬುದು ಅದಕ್ಕೆ ತಿಳಿಯದು. ಸಾಗಣೆಯಲ್ಲಿ ಅತಿಯಾಗಿ ತಣ್ಣಗಾಗುವ ಅಪಾಯದ ಬಗ್ಗೆ ಸ್ವೀಡನ್ನಿನ ವೈದ್ಯರು 2009ರಲ್ಲೇ ಎಚ್ಚರಿಸಿದರು. ತಂಪು ಮಾಡುವುದಕ್ಕಿಂತ ತಂಪನ್ನು ಹಿಡಿದು ನಿಲ್ಲಿಸುವುದೇ ಕಷ್ಟವೆಂದು ತಿಳಿದ ಆ ಘಟ್ಟವೇ ಈ ಚರಿತ್ರೆಯ ನಿಜವಾದ ತಿರುವು ಎನ್ನುವುದು ನನ್ನ ವಾದ. ಕಂಕುಳಿನ ಉಷ್ಣಮಾಪಕದ ಬದಲು ಗುದದ್ವಾರದಲ್ಲಿ ನಿರಂತರವಾಗಿ ಅಳೆಯುವ ತಂತಿ ಬಂತು. ಆ ಅಳತೆಗೆ ತಕ್ಕಂತೆ ತನ್ನ ನೀರನ್ನು ತಾನೇ ಬಿಸಿ, ತಂಪು ಮಾಡಿಕೊಳ್ಳುವ ಹಾಸಿಗೆಗಳು ವಾಹನದೊಳಗೆ ಬಂದವು. ಕ್ಯಾಲಿಫೋರ್ನಿಯಾದಲ್ಲಿ 100 ಶಿಶುಗಳ ಮೇಲೆ ನಡೆದು 2015ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಇಂಥ ಯಂತ್ರವಿದ್ದ ಶೇ. 80 ಮಕ್ಕಳು ಸಾಗಣೆಯ ವೇಳೆ ಗುರಿಯ ಉಷ್ಣತೆ ಮುಟ್ಟಿದರು. ಯಂತ್ರವಿಲ್ಲದವರಲ್ಲಿ ಶೇ. 49.

ಈ ಅನುಭವವನ್ನು ನಮ್ಮ ರಸ್ತೆಗಳಿಗೆ ಹಾಗೆಯೇ ತರಲಾಗದು. ಬೆಂಗಳೂರೂ ಸೇರಿ ಭಾರತ, ಶ್ರೀಲಂಕಾ, ಬಾಂಗ್ಲಾದೇಶಗಳಲ್ಲಿ ನಡೆದ ಹೆಲಿಕ್ಸ್ ಅಧ್ಯಯನ 408 ಶಿಶುಗಳ ಫಲಿತಾಂಶವನ್ನು 2021ರಲ್ಲಿ ಪ್ರಕಟಿಸಿತು. ತಂಪು ಪಡೆದವರಲ್ಲಿ ಸಾವು ಶೇ. 42, ಪಡೆಯದವರಲ್ಲಿ ಶೇ. 31. ಸುಸಜ್ಜಿತ ಘಟಕದೊಳಗೇ ಹೀಗಾದರೆ, ಓಡುವ ವಾಹನದಲ್ಲಿ ಅದನ್ನು ಆರಂಭಿಸಲು ಅವಸರಪಡುವುದನ್ನು ಒಪ್ಪುವುದು ನನಗೆ ಸಾಧ್ಯವಿಲ್ಲ. ಆದರೆ 2005ರ ಅಮೆರಿಕದ ಅಧ್ಯಯನದಲ್ಲೇ ಇನ್ನೊಂದು ಅಂಶವಿತ್ತು: ತಂಪು ಪಡೆಯದ ಗುಂಪಿನಲ್ಲಿ ಮೈ ಬಿಸಿ ಏರಿದ ಶಿಶುಗಳ ಗತಿ ಇನ್ನೂ ಕೆಟ್ಟಿತ್ತು. ಇಂಥ ಶಿಶುವನ್ನು ಕಳಿಸುವಾಗಲೂ ಬರಮಾಡಿಕೊಳ್ಳುವಾಗಲೂ ಉಷ್ಣತೆಯನ್ನು ಅಳೆದು ಬರೆದಿಡುವುದು, ಅತಿಯಾಗಿ ಬಿಸಿಯಾಗದಂತೆ ಕಾಯುವುದು ತಾಲೂಕು ಆಸ್ಪತ್ರೆಯಲ್ಲೂ ಇಂದೇ ಮಾಡಬಹುದಾದ ಕೆಲಸ.