ಕೇಬಲ್ ಇನ್ನೂ ಜೋಡಿಕೊಂಡಿದೆಯೇ? ವಿದ್ಯುತ್ ವಾಹನದ ಪೈಲಟ್ ತಂತಿಯ ಚರಿತ್ರೆ

ಇ-ರಿಕ್ಷಾಗಳ ಜೊತೆ, ಹಳೆಯ ಲೆಡ್-ಆಸಿಡ್ ಸ್ಕೂಟರುಗಳ ಜೊತೆ ಬರುವ ಅಗ್ಗದ ಚಾರ್ಜರುಗಳಲ್ಲಿ ಎರಡು ಬಣ್ಣದ ಪುಟ್ಟ ದೀಪವೊಂದು ಇರುತ್ತದೆ. ಚಾರ್ಜ್ ಆಗುತ್ತಿರುವಾಗ ಕೆಂಪು, ಬ್ಯಾಟರಿ ತುಂಬಿದಾಗ ಹಸಿರು. ಇಂಥ ಎಷ್ಟೋ ಚಾರ್ಜರುಗಳಲ್ಲಿ ಬ್ಯಾಟರಿಯ ಕಡೆಯ ಪಿನ್ ಕಿತ್ತಿಟ್ಟರೂ ಅದೇ ಹಸಿರು ಉರಿಯುತ್ತದೆ. ರಾತ್ರಿ ಪಿನ್ ಸಡಿಲವಾಗಿ ಚಾರ್ಜಿಂಗ್ ಅರ್ಧಕ್ಕೇ ನಿಂತಿದ್ದರೂ ಬೆಳಿಗ್ಗೆ ಕಾಣುವುದು ಹಸಿರೇ. ಆ ದೀಪವನ್ನು ಆಳುವ ಸರ್ಕ್ಯೂಟ್ ಅಳೆಯುವುದು ಕರೆಂಟೊಂದನ್ನು ಮಾತ್ರ. ಕರೆಂಟ್ ಒಂದು ಮಿತಿಗಿಂತ ಕೆಳಗಿಳಿದರೆ ಅದರ ಪಾಲಿಗೆ ಕೆಲಸ ಮುಗಿದಂತೆ.

ಹೀಗೆ ಒಂದೇ ಸೊನ್ನೆಯ ಹಿಂದೆ ಮೂರು ಸ್ಥಿತಿಗಳು ಅಡಗಿರುತ್ತವೆ: ಬ್ಯಾಟರಿ ತುಂಬಿರಬಹುದು, ಪ್ಲಗ್ ಕಳಚಿರಬಹುದು, ಒಳಗೆಲ್ಲೋ ತಂತಿ ತುಂಡಾಗಿರಬಹುದು. ಬ್ಯಾಟರಿ ಚಾರ್ಜರಿಗೆ ಇನ್ನೂ ಜೋಡಿಕೊಂಡಿದೆಯೇ ಎಂಬ ಪ್ರಶ್ನೆಯ ಚರಿತ್ರೆ ಎಂದರೆ ಎಂಜಿನಿಯರುಗಳು ಈ ಸೊನ್ನೆಗಳನ್ನು ಬಿಡಿಸಿ ನೋಡಲು ಕಲಿತ ಚರಿತ್ರೆ. ಕಾರು ಮತ್ತು ಚಾರ್ಜರ್ ಪರಸ್ಪರ ಮಾತಾಡಲು ಕಲಿತ ಕತೆಯೆಂದು ಇದನ್ನು ಹೇಳಿಬಿಡುವುದು ಸುಲಭ. ಆದರೆ ಮಾನದಂಡಗಳನ್ನು ಕಾಲಕ್ರಮದಲ್ಲಿ ಇಟ್ಟು ನೋಡಿದರೆ ಇದು ಮೊದಲಿಗೆ ಸುರಕ್ಷತೆಯ ಕತೆ. ಮಾತುಕತೆ ಸೇರಿಕೊಂಡದ್ದು ಆಮೇಲೆ.

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಅಮೆರಿಕದ ನಗರಗಳಲ್ಲಿ ಬೇಕರ್, ಡೆಟ್ರಾಯಿಟ್ ಎಲೆಕ್ಟ್ರಿಕ್ ಮುಂತಾದ ವಿದ್ಯುತ್ ಕಾರುಗಳು ಓಡಾಡುತ್ತಿದ್ದವು. ಅವುಗಳಲ್ಲಿ ಬಹಳಷ್ಟು ಕಾರುಗಳು ಗ್ಯಾರೇಜುಗಳಲ್ಲಿ ಕೆಲಸಗಾರರ ಕೈಯಲ್ಲಿ ಚಾರ್ಜ್ ಆಗುತ್ತಿದ್ದವು. ಪ್ಲಗ್ ಕೂತಿದೆಯೇ ಎಂದು ನೋಡುವುದು ಕೆಲಸಗಾರನ ಕಣ್ಣಿಗೆ ಬಿಟ್ಟ ವಿಷಯ. ಯಂತ್ರಕ್ಕೆ ವಹಿಸಿದ್ದು ಬೇರೆ ಎರಡು ಕೆಲಸಗಳನ್ನು. ಡೈನಮೊದಿಂದ ಚಾರ್ಜ್ ಮಾಡುವಾಗ ಡೈನಮೊ ನಿಂತರೆ ಬ್ಯಾಟರಿಯ ಕರೆಂಟ್ ಹಿಮ್ಮುಖವಾಗಿ ಹರಿದು ಅದನ್ನೇ ಮೋಟರಿನಂತೆ ತಿರುಗಿಸಬಲ್ಲದು. ಅದನ್ನು ತಡೆಯಲು ಹಿಮ್ಮುಖ ಕರೆಂಟ್ ಕಂಡೊಡನೆ ಸಂಪರ್ಕ ಕಡಿಯುವ ರಿಲೇ ಬಂತು. ಬ್ಯಾಟರಿ ತುಂಬಿದ ಮೇಲೂ ಕರೆಂಟ್ ಹರಿಯದಿರಲೆಂದು ಆಂಪಿಯರ್-ಅವರ್ ಮೀಟರ್ ಬಂತು. ಅಮೆರಿಕದ ಸಂಗಾಮೊ ಕಂಪನಿಯ ಇಂಥ ಮೀಟರುಗಳಲ್ಲಿ ಗಾಡಿ ಓಡಿದಂತೆ ಮುಳ್ಳು ಮುಂದೆ ಸರಿದು, ಚಾರ್ಜ್ ಆದಂತೆ ಹಿಂದಕ್ಕೆ ಬರುತ್ತಿತ್ತು; ಸೊನ್ನೆ ಮುಟ್ಟಿದಾಗ ಸರ್ಕ್ಯೂಟ್ ಕಡಿಯುವ ಏರ್ಪಾಡೂ ಇತ್ತು. ಎರಡೂ ಜಾಣ ಸಾಧನಗಳೇ. ಆದರೆ ಎರಡೂ ಓದುತ್ತಿದ್ದದ್ದು ಮುಖ್ಯ ತಂತಿಗಳಲ್ಲಿ ಹರಿಯುವ ಕರೆಂಟನ್ನು. ಅದು ನಿಂತಾಗ ಅವುಗಳ ಬಳಿ ಹೇಳಲು ಏನೂ ಉಳಿಯುತ್ತಿರಲಿಲ್ಲ.

ಪೆಟ್ರೋಲ್ ಕಾರು ಗೆದ್ದ ಮೇಲೆ ವಿದ್ಯುತ್ ವಾಹನ ಗೋದಾಮುಗಳಲ್ಲಿ ಉಳಿದುಕೊಂಡಿತು. ಫೋರ್ಕ್‌ಲಿಫ್ಟ್ ತಯಾರಕರು ಕಂಡುಕೊಂಡ ಪರಿಹಾರ ಇಂದಿಗೂ ಮೆಚ್ಚುವಂಥದ್ದು. ಬ್ಯಾಟರಿಗೆ ಇರುವುದು ಒಂದೇ ದೊಡ್ಡ ಕನೆಕ್ಟರ್. ಚಾರ್ಜ್ ಮಾಡಬೇಕಾದರೆ ಅದನ್ನು ಗಾಡಿಯ ಕಡೆಯಿಂದ ಕಿತ್ತು ಚಾರ್ಜರಿಗೆ ಸೇರಿಸಬೇಕು. ಕೇಬಲ್ ಎಳೆದುಕೊಂಡು ಗಾಡಿ ಹೊರಡುವ ಪ್ರಶ್ನೆಯೇ ಏಳುವುದಿಲ್ಲ, ಏಕೆಂದರೆ ಆಗ ಮೋಟರಿಗೆ ವಿದ್ಯುತ್ತೇ ಇಲ್ಲ. ಒಂದು ತೊಂದರೆ ಮಾತ್ರ ಉಳಿಯಿತು. ಹತ್ತಾರು ಆಂಪಿಯರ್ ಡಿಸಿ ಹರಿಯುತ್ತಿರುವಾಗ ಕನೆಕ್ಟರ್ ಎಳೆದರೆ ಲೋಹಗಳ ನಡುವೆ ಕಿಡಿ ಹತ್ತಿ ಉರಿಯುತ್ತದೆ. ಇದಕ್ಕಾಗಿ ಕೆಲವು ಕನೆಕ್ಟರುಗಳಲ್ಲಿ ಚಿಕ್ಕ ಸಹಾಯಕ ಪಿನ್ನುಗಳು ಬಂದವು. ಎಳೆಯುವಾಗ ಮೊದಲು ಬಿಡುವುದು ಅವು. ಅವು ಬಿಟ್ಟೊಡನೆ ಚಾರ್ಜರ್ ನಿಲ್ಲುತ್ತದೆ, ದೊಡ್ಡ ಪಿನ್ನುಗಳು ಆಮೇಲೆ ಬೇರೆಯಾಗುತ್ತವೆ. ಜೋಡಣೆಯನ್ನು ತಿಳಿಯಲೆಂದೇ ಬೇರೆ ತಂತಿ ಇರಬೇಕು ಎಂಬ ಯೋಚನೆಯ ಬೀಜ ಇಲ್ಲಿದೆ.

ಅದು ಮರವಾದದ್ದು ಕ್ಯಾಲಿಫೋರ್ನಿಯಾದಲ್ಲಿ. 1990ರಲ್ಲಿ ಅಲ್ಲಿನ ವಾಯು ಸಂಪನ್ಮೂಲ ಮಂಡಳಿ, 1998ರ ಹೊತ್ತಿಗೆ ದೊಡ್ಡ ಕಂಪನಿಗಳು ಮಾರುವ ಕಾರುಗಳಲ್ಲಿ ಶೇಕಡಾ 2ರಷ್ಟು ಹೊಗೆರಹಿತವಾಗಿರಬೇಕೆಂದು ಆಜ್ಞೆ ಹೊರಡಿಸಿತು. ಈಗ ಚಾರ್ಜ್ ಮಾಡುವವರು ಗ್ಯಾರೇಜಿನ ಕೆಲಸಗಾರರಲ್ಲ; ಮಳೆಯಲ್ಲಿ ನಿಂತ ಗೃಹಸ್ಥರು, ಕೇಬಲ್ ತುಳಿದು ಓಡಾಡುವ ಮಕ್ಕಳು. 1996ರ ಅಮೆರಿಕದ ರಾಷ್ಟ್ರೀಯ ವಿದ್ಯುತ್ ಸಂಹಿತೆಯಲ್ಲಿ ವಿದ್ಯುತ್ ವಾಹನಗಳಿಗೆಂದೇ 625ನೇ ವಿಧಿ ಮೊದಲ ಬಾರಿಗೆ ಸೇರಿತು. ಕನೆಕ್ಟರ್ ವಾಹನದಿಂದ ಕಳಚಿದರೆ ಅದರಲ್ಲಿ ವಿದ್ಯುತ್ ಉಳಿಯಬಾರದು, ಕೇಬಲ್ ಎಳೆತಕ್ಕೆ ಸಿಕ್ಕಿ ತುಂಡಾಗುವ ಸ್ಥಿತಿ ಬಂದರೂ ತಾನಾಗಿ ಕಡಿತವಾಗಬೇಕು ಎಂಬುದು ಅದರ ತಿರುಳು. ಅದೇ ವರ್ಷ ವಾಹನ ಎಂಜಿನಿಯರುಗಳ ಸಂಘವಾದ ಎಸ್‌ಎಇಯ ಜೆ1772 ಮಾನದಂಡದ ಮೊದಲ ಆವೃತ್ತಿ ಹೊರಬಂತು.

ಆಗ ಎರಡು ಪಂಥಗಳಿದ್ದವು. ಜನರಲ್ ಮೋಟರ್ಸಿನ ಇವಿ1 ಕಾರಿಗೆ ಲೋಹದ ಪಿನ್ನೇ ಇರಲಿಲ್ಲ. ಪ್ಲಾಸ್ಟಿಕ್ಕಿನಿಂದ ಮುಚ್ಚಿದ ಚಪ್ಪಟೆ ತುಂಡೊಂದನ್ನು ಕಾರಿನ ಸೀಳಿನಲ್ಲಿ ಇಳಿಸಿದರೆ ಕಾಂತಕ್ಷೇತ್ರದ ಮೂಲಕ ಶಕ್ತಿ ದಾಟುತ್ತಿತ್ತು. ಫೋರ್ಡ್, ಹೋಂಡಾದಂಥ ಕಂಪನಿಗಳು ಲೋಹಕ್ಕೆ ಲೋಹ ತಾಗುವ ಆವ್‌ಕಾನ್ ಕನೆಕ್ಟರನ್ನು ಹಿಡಿದವು. 2001ರಲ್ಲಿ ಕ್ಯಾಲಿಫೋರ್ನಿಯಾ ಎರಡನೆಯದನ್ನು ಆಯ್ದುಕೊಂಡಿತು. ಮುಂದೆ 2010ರ ಜನವರಿಯಲ್ಲಿ ಜಪಾನಿನ ಯಜಾಕಿ ರೂಪಿಸಿದ ಐದು ಪಿನ್ನಿನ ದುಂಡು ಕನೆಕ್ಟರ್ ಆವ್‌ಕಾನಿನ ಜಾಗಕ್ಕೆ ಬಂತು.

ಐದರಲ್ಲಿ ಎರಡು ಪಿನ್ ಶಕ್ತಿಗೆ, ಒಂದು ಅರ್ತಿಂಗಿಗೆ. ಉಳಿದ ಎರಡೇ ಈ ಚರಿತ್ರೆಯ ನಾಯಕರು: ಕಂಟ್ರೋಲ್ ಪೈಲಟ್ ಮತ್ತು ಪ್ರಾಕ್ಸಿಮಿಟಿ.

ಪೈಲಟ್ ತಂತಿಯ ಮೇಲೆ ಚಾರ್ಜಿಂಗ್ ಪೆಟ್ಟಿಗೆ 12 ವೋಲ್ಟನ್ನು 1000 ಓಮ್ ರೋಧಕದ ಮೂಲಕ ಇಡುತ್ತದೆ. ಕಾರಿಲ್ಲದಾಗ ತಂತಿ ಎಲ್ಲಿಗೂ ಸೇರಿಲ್ಲವಾದ್ದರಿಂದ ವೋಲ್ಟೇಜ್ 12ರಲ್ಲೇ ನಿಲ್ಲುತ್ತದೆ. ಕಾರಿನೊಳಗೆ ಆ ತಂತಿಗೂ ಅರ್ತಿಂಗಿಗೂ ನಡುವೆ 2740 ಓಮ್ ರೋಧಕವಿದೆ. ಪ್ಲಗ್ ಕೂತ ಕ್ಷಣ ವೋಲ್ಟೇಜ್ 9ಕ್ಕೆ ಇಳಿಯುತ್ತದೆ. ಈಗ ಪೆಟ್ಟಿಗೆಗೆ ಗೊತ್ತು, ಕಾರು ಬಂದಿದೆ. ಮುಖ್ಯ ವಿದ್ಯುತ್ ಮಾತ್ರ ಇನ್ನೂ ಬಂದ್. ಕಾರು ಸಿದ್ಧವಾದಾಗ ಇನ್ನೊಂದು ರೋಧಕವನ್ನು ಅದರ ಪಕ್ಕಕ್ಕೆ ಸೇರಿಸುತ್ತದೆ, ವೋಲ್ಟೇಜ್ 6 ಆಗುತ್ತದೆ, ಪೆಟ್ಟಿಗೆಯೊಳಗಿನ ದೊಡ್ಡ ಸ್ವಿಚ್ ಆಗ ಮುಚ್ಚುತ್ತದೆ. ಬ್ಯಾಟರಿ ತುಂಬಿದ ಮೇಲೆ ಕಾರು ಎರಡನೆಯ ರೋಧಕವನ್ನು ತೆಗೆದುಬಿಟ್ಟರೆ ಮತ್ತೆ 9 ವೋಲ್ಟ್. 9 ಎಂದರೆ ‘ಜೋಡಿಕೊಂಡಿದ್ದೇನೆ, ಕರೆಂಟ್ ಬೇಡ’. 12 ಎಂದರೆ ಕಾರೇ ಇಲ್ಲ. ಅಗ್ಗದ ಚಾರ್ಜರಿನ ಹಸಿರು ದೀಪ ಬಿಡಿಸಲಾಗದ ಗಂಟನ್ನು ಎರಡು ರೋಧಕಗಳು ಬಿಡಿಸಿದವು. ಅರ್ತಿಂಗ್ ತಂತಿಯೂ ಇದೇ ದಾರಿಯ ಭಾಗವಾದ್ದರಿಂದ ಅದು ತುಂಡಾದರೆ ವೋಲ್ಟೇಜ್ ತಾನಾಗಿ 12ಕ್ಕೆ ಜಿಗಿಯುತ್ತದೆ. ಅರ್ತಿಂಗ್ ಇಲ್ಲದ ಕಾರು ಪೆಟ್ಟಿಗೆಯ ಲೆಕ್ಕದಲ್ಲಿ ಬಂದೇ ಇಲ್ಲದ ಕಾರು.

ಈ ವಿನ್ಯಾಸದಲ್ಲಿ ಎಲ್ಲಕ್ಕಿಂತ ಹೆಚ್ಚು ಗೌರವಕ್ಕೆ ಪಾತ್ರವಾಗಬೇಕಾದ್ದು ಕಾರಿನ ಕಡೆ ಕೂರಿಸಿದ ಒಂದು ಡಯೋಡ್. ಕನೆಕ್ಟರಿನೊಳಗೆ ಮಳೆನೀರು ಹೊಕ್ಕು ಪಿನ್ನುಗಳ ನಡುವೆ ಸೇತುವೆ ಕಟ್ಟಿದರೆ ಅದೂ ಒಂದು ರೋಧಕವೇ. ಅದೃಷ್ಟ ಕೆಟ್ಟು ಅದರ ಬೆಲೆ 2740 ಓಮಿನ ಹತ್ತಿರವಿದ್ದರೆ ಪೆಟ್ಟಿಗೆ ನೀರನ್ನೇ ಕಾರೆಂದು ನಂಬಬಹುದು. ಆದ್ದರಿಂದ ಪೆಟ್ಟಿಗೆ ಸೆಕೆಂಡಿಗೆ 1000 ಬಾರಿ ಪೈಲಟ್ ವೋಲ್ಟೇಜನ್ನು ಧನದಿಂದ ಋಣಕ್ಕೆ, ಋಣದಿಂದ ಧನಕ್ಕೆ ತಿರುಗಿಸುತ್ತದೆ. ಡಯೋಡ್ ಒಂದೇ ದಿಕ್ಕಿಗೆ ದಾರಿ ಬಿಡುವುದರಿಂದ ನಿಜವಾದ ಕಾರಿನಲ್ಲಿ ಧನ ಭಾಗ 9 ಇಲ್ಲವೇ 6ಕ್ಕೆ ಇಳಿಯುತ್ತದೆ, ಋಣ ಭಾಗ ಮಾತ್ರ ಮೈನಸ್ 12ರಲ್ಲೇ ಇರುತ್ತದೆ. ನೀರಾಗಲಿ ಬೆರಳಾಗಲಿ ದಿಕ್ಕು ನೋಡುವುದಿಲ್ಲ. ಎರಡೂ ಭಾಗಗಳನ್ನು ಕುಗ್ಗಿಸಿಬಿಡುತ್ತದೆ. ಜಗತ್ತಿನಾದ್ಯಂತ ಲಕ್ಷಾಂತರ ಮನೆಗಳ ಹೊರಗೋಡೆಯ ಮೇಲೆ ಈ ಪರೀಕ್ಷೆ ಸದ್ದಿಲ್ಲದೆ ನಡೆಯುತ್ತಿದೆ. ಅದೇ ಚೌಕ ತರಂಗ ಇನ್ನೊಂದು ಸುದ್ದಿಯನ್ನೂ ಹೊರುತ್ತದೆ: ಆವರ್ತದಲ್ಲಿ ಧನ ಭಾಗದ ಪಾಲು ಶೇಕಡಾ 10 ಇದ್ದರೆ 6 ಆಂಪಿಯರ್, ಸುಮಾರು 53 ಇದ್ದರೆ 32 ಆಂಪಿಯರ್ ಎಳೆಯಬಹುದು ಎಂದು ಕಾರಿಗೆ ತಿಳಿಯುತ್ತದೆ.

ಪೈಲಟ್ ಪೆಟ್ಟಿಗೆಗೆ ತಿಳಿಸುತ್ತದೆ. ಪ್ರಾಕ್ಸಿಮಿಟಿ ಕಾರಿಗೆ ತಿಳಿಸುತ್ತದೆ. ಪ್ಲಗ್ ಇಲ್ಲದಾಗ ಕಾರಿನ ಒಳಗೆ ಇದರ ಮೇಲೆ ಸುಮಾರು 4.5 ವೋಲ್ಟ್, ಪ್ಲಗ್ ಪೂರ್ತಿ ಕೂತಾಗ 1.5. ನಡುವೆ ಇನ್ನೊಂದು ಮೆಟ್ಟಿಲಿದೆ: ಪ್ಲಗ್ಗಿನ ಬೀಗದ ಗುಂಡಿಯನ್ನು ಬೆರಳು ಒತ್ತಿದಾಗ ಸುಮಾರು 2.8 ವೋಲ್ಟ್. ಕೀಳಲು ಹೊರಟವರ ಕೈ ಎಳೆಯುವ ಮುನ್ನವೇ ಕಾರು ಕರೆಂಟ್ ಎಳೆಯುವುದನ್ನು ನಿಲ್ಲಿಸುತ್ತದೆ, ಹಾಗಾಗಿ ಪಿನ್ನುಗಳು ಬೇರೆಯಾಗುವಾಗ ಕಿಡಿ ಹಾರುವುದಿಲ್ಲ. ಫೋರ್ಕ್‌ಲಿಫ್ಟಿನ ಚಿಕ್ಕ ಪಿನ್ ಪ್ಲಗ್ ಅಲುಗಿದ ಮೇಲೆ ಎಚ್ಚರಿಸುತ್ತಿತ್ತು. ಇದು ಅಲುಗುವ ಮೊದಲೇ ಎಚ್ಚರಿಸುತ್ತದೆ.

ಯುರೋಪು ಅದೇ ಪೈಲಟ್ ಸಂಕೇತವನ್ನು ಐಇಸಿ 61851 ಮಾನದಂಡದಲ್ಲಿ ಅಳವಡಿಸಿಕೊಂಡಿತು. ಜರ್ಮನಿಯ ಮೆನ್ನೆಕೆಸ್ ರೂಪಿಸಿದ ಟೈಪ್ 2 ಕನೆಕ್ಟರಿನಲ್ಲಿ ಪ್ರಾಕ್ಸಿಮಿಟಿ ರೋಧಕ ಕೇಬಲಿನ ಸಾಮರ್ಥ್ಯವನ್ನೂ ಹೇಳುತ್ತದೆ: 680 ಓಮ್ ಇದ್ದರೆ 20 ಆಂಪಿಯರ್, 220 ಇದ್ದರೆ 32. ಚೀನಾದ ಜಿಬಿ/ಟಿ ಡಿಸಿ ಕನೆಕ್ಟರಿನಲ್ಲಿ ದೃಢೀಕರಣದ ತಂತಿಗಳೇ ಎರಡು, ಚಾರ್ಜರಿಗೊಂದು, ವಾಹನಕ್ಕೊಂದು. ಜಪಾನಿನ ಚಾಡೆಮೊ ಡಿಜಿಟಲ್ ಸಂವಹನವಿದ್ದರೂ ಅದರ ಪಕ್ಕದಲ್ಲೇ ಆರಂಭಕ್ಕೆ, ಅನುಮತಿಗೆ, ಜೋಡಣೆಗೆ ಬೇರೆ ಬೇರೆ ತಂತಿಗಳನ್ನು ಉಳಿಸಿಕೊಂಡಿತು.

ಯುರೋಪ್ ಮತ್ತು ಅಮೆರಿಕದ ಸಿಸಿಎಸ್ ವೇಗದ ಚಾರ್ಜಿಂಗಿನಲ್ಲಿ ಪ್ರಶ್ನೆಯ ರೂಪವೇ ಬದಲಾಯಿತು. ಇಲ್ಲಿ ಡಿಜಿಟಲ್ ಸಂದೇಶಗಳು ಪೈಲಟ್ ತಂತಿಯ ಮೇಲೆಯೇ ಅಧಿಕ ಆವರ್ತನದಲ್ಲಿ ಸವಾರಿ ಮಾಡುತ್ತವೆ. ಅಕ್ಕಪಕ್ಕದ ಕೇಬಲುಗಳಿಗೂ ಆ ಸಂಕೇತ ಸೋರುವುದರಿಂದ ಒಂದು ಕಾರಿಗೆ ನಾಲ್ಕಾರು ಚಾರ್ಜರುಗಳ ದನಿ ಕೇಳಿಸಬಹುದು. ಆದ್ದರಿಂದ ‘ಜೋಡಿಕೊಂಡಿದೆಯೇ’ ಎನ್ನುವುದರ ಜೊತೆಗೆ ‘ಯಾವುದಕ್ಕೆ’ ಎನ್ನುವುದನ್ನೂ ಕೇಳಬೇಕಾಯಿತು. ಕಾರು ಪರೀಕ್ಷಾ ಸಂಕೇತಗಳನ್ನು ಕಳಿಸುತ್ತದೆ, ಅವು ಎಷ್ಟು ಕುಗ್ಗಿ ತಲುಪಿದವೆಂದು ಪ್ರತಿ ಚಾರ್ಜರ್ ಅಳೆದು ಹೇಳುತ್ತದೆ, ಎಲ್ಲಕ್ಕಿಂತ ಕಡಿಮೆ ಕುಗ್ಗಿದ್ದು ತನ್ನದೇ ಕೇಬಲ್ ಎಂದು ಕಾರು ತೀರ್ಮಾನಿಸುತ್ತದೆ. 2022ರಲ್ಲಿ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ಮತ್ತು ಸ್ವಿಟ್ಜರ್‌ಲೆಂಡಿನ ಆರ್ಮಾಸ್ವಿಸ್ ಸಂಸ್ಥೆಯ ಸಂಶೋಧಕರು ‘ಬ್ರೋಕನ್‌ವೈರ್’ ಎಂಬ ದಾಳಿಯನ್ನು ತೋರಿಸಿದರು. 1 ವ್ಯಾಟಿಗಿಂತ ಕಡಿಮೆ ಶಕ್ತಿಯ ರೇಡಿಯೊ ಅಲೆಯಿಂದ 47 ಮೀಟರ್ ದೂರದವರೆಗೆ ಈ ಸಂವಹನವನ್ನು ಕೆಡಿಸಿ ಚಾರ್ಜಿಂಗ್ ನಿಲ್ಲಿಸಬಹುದಿತ್ತು. ಪ್ಲಗ್ ಕೂತೇ ಇದೆ, ಸಂದೇಶ ಮಾತ್ರ ಮುರಿದಿದೆ. ಸಂದೇಹ ಬಂದಾಗ ವಿದ್ಯುತ್ ಕಡಿಯಬೇಕೆಂಬ ಹಳೆಯ ನಿಯಮ ಅಲ್ಲಿಯೂ ಕೆಲಸ ಮಾಡಿತು. ಗ್ರಾಹಕನಿಗೆ ಅನಾನುಕೂಲವಾಯಿತು, ಅಪಾಯವಾಗಲಿಲ್ಲ.

ತುಂಬಿದ ಮೇಲೂ ಅಂಟಿಕೊಂಡೇ ಇರುವ ಕಾರು ಮತ್ತೊಂದು ಬಗೆಯ ಸಮಸ್ಯೆ. ಟೆಸ್ಲಾ 2016ರ ಡಿಸೆಂಬರಿನಲ್ಲಿ ಸೂಪರ್‌ಚಾರ್ಜರುಗಳಲ್ಲಿ ಸುಮ್ಮನೆ ನಿಂತ ಕಾರಿಗೆ ನಿಮಿಷಕ್ಕೆ 40 ಸೆಂಟ್ ದಂಡ ಹಾಕತೊಡಗಿತು. ಚಾರ್ಜರುಗಳನ್ನು ಕೇಂದ್ರಕ್ಕೆ ಬೆಸೆಯುವ ಓಸಿಪಿಪಿ ನಿಯಮಾವಳಿಯ 1.5ನೇ ಆವೃತ್ತಿಯಲ್ಲಿ ಇದಕ್ಕೆಲ್ಲ ‘ಬಳಕೆಯಲ್ಲಿದೆ’ ಎಂಬ ಒಂದೇ ಸ್ಥಿತಿಯಿತ್ತು. 2015ರ 1.6ನೇ ಆವೃತ್ತಿ ಅದನ್ನು ಒಡೆಯಿತು: ತಯಾರಿ, ಚಾರ್ಜಿಂಗ್, ಕಾರು ನಿಲ್ಲಿಸಿದೆ, ಪೆಟ್ಟಿಗೆ ನಿಲ್ಲಿಸಿದೆ, ಮುಗಿಯುತ್ತಿದೆ. 9 ಮತ್ತು 6 ವೋಲ್ಟಿನ ವ್ಯತ್ಯಾಸ ಕೊನೆಗೆ ಬಿಲ್ಲಿನ ಮೇಲೂ ಬಂದು ಕೂತಿತು.

ಭಾರತದ ದಾರಿ ಬೇರೆ. ಕ್ಯಾಲಿಫೋರ್ನಿಯಾ ಆವ್‌ಕಾನನ್ನು ಆಯ್ದ 2001ರಲ್ಲೇ ಬೆಂಗಳೂರಿನಲ್ಲಿ ಚೇತನ್ ಮೈನಿಯವರ ರೇವಾ ರಸ್ತೆಗಿಳಿಯಿತು. 48 ವೋಲ್ಟಿನ ಲೆಡ್-ಆಸಿಡ್ ಬ್ಯಾಟರಿಗಳ ಆ ಪುಟ್ಟ ಕಾರು ಮನೆಯ 15 ಆಂಪಿಯರ್ ಸಾಕೆಟ್ಟಿನಿಂದಲೇ ಚಾರ್ಜ್ ಆಗುತ್ತಿತ್ತು. ಸಾಕೆಟ್ಟಿಗೆ ಮೂರೇ ರಂಧ್ರ. ಪೈಲಟಿಗೆ ಅಲ್ಲಿ ಜಾಗವಿಲ್ಲ. ಕಾರು ಎಲ್ಲರ ಕೈಗೆ ಸಿಗಬೇಕಾದರೆ ಎಲ್ಲರ ಮನೆಯಲ್ಲಿರುವ ಸಾಕೆಟ್ ಸಾಕಾಗಬೇಕಿತ್ತು, ಆ ಆಯ್ಕೆಯಲ್ಲಿ ತಪ್ಪು ಹುಡುಕುವುದು ನ್ಯಾಯವಲ್ಲ. ಆದರೆ 2017ರ ಭಾರತ್ ಎಸಿ-001 ನಿರ್ದೇಶನವೂ ಸಾರ್ವಜನಿಕ ಚಾರ್ಜರಿಗೆ ಪೈಲಟ್ ಇಲ್ಲದ ಔದ್ಯಮಿಕ ಸಾಕೆಟ್ಟನ್ನೇ ಆಯ್ದುಕೊಂಡದ್ದು ಕಳೆದುಕೊಂಡ ಅವಕಾಶ ಎನ್ನಲೇಬೇಕು. ಅದರ ಜೋಡಿಯಾದ ಡಿಸಿ-001 ಮಾತ್ರ ಜಿಬಿ/ಟಿ ಕನೆಕ್ಟರನ್ನು ಎರವಲು ಪಡೆದು ದೃಢೀಕರಣದ ತಂತಿಗಳನ್ನೂ ಜೊತೆಗೆ ತಂದಿತು.

ಈ ಕೊರತೆಯನ್ನು ದ್ವಿಚಕ್ರಗಳ ಮಟ್ಟಿಗೆ ತುಂಬುವ ಪ್ರಯತ್ನ ಹೊರಟದ್ದೂ ಬೆಂಗಳೂರಿನಿಂದಲೇ. ಏಥರ್ ಎನರ್ಜಿ ತನ್ನ ಕನೆಕ್ಟರಿನ ವಿನ್ಯಾಸವನ್ನು 2021ರಲ್ಲಿ ಬೇರೆ ಕಂಪನಿಗಳಿಗೂ ಮುಕ್ತವಾಗಿ ಬಿಟ್ಟುಕೊಟ್ಟಿತು. ಎಸಿ, ಡಿಸಿ ಎರಡಕ್ಕೂ ಒಂದೇ ಆದ ಈ ಕನೆಕ್ಟರಿಗೆ ಐಎಸ್ 17017 ಸರಣಿಯ ಅಡಿಯಲ್ಲಿ ಭಾರತೀಯ ಮಾನಕ ಬ್ಯೂರೊದ ಮನ್ನಣೆ ಸಿಕ್ಕಿದ್ದು 2023ರಲ್ಲಿ ಪ್ರಕಟವಾಯಿತು.

ಎಲೆಕ್ಟ್ರಾನಿಕ್ಸ್ ಇಲ್ಲದ ಕಡೆ ಕಾನೂನು ಏನು ಮಾಡಬಲ್ಲದು ಎಂಬುದಕ್ಕೆ ವಿಶ್ವಸಂಸ್ಥೆಯ ಯುರೋಪ್ ಆರ್ಥಿಕ ಆಯೋಗದ ನಿಯಮಗಳು ಉತ್ತರ ಕೊಡುತ್ತವೆ. ಕನೆಕ್ಟರ್ ಸಿಕ್ಕಿಕೊಂಡಿರುವವರೆಗೆ ವಾಹನ ತನ್ನ ಬಲದಿಂದ ಚಲಿಸುವಂತಿರಬಾರದು ಎನ್ನುತ್ತದೆ ಕಾರುಗಳ ನಿಯಮ 100. ದ್ವಿಚಕ್ರ, ತ್ರಿಚಕ್ರಗಳ ನಿಯಮ 136 ಅದನ್ನೇ ಹೇಳಿ ಒಂದು ವಿನಾಯಿತಿಯನ್ನೂ ಸೇರಿಸುತ್ತದೆ. ಕೇಬಲ್ ವಾಹನಕ್ಕೇ ಕಾಯಂ ಆಗಿ ಜೋಡಿಸಿದ್ದಾಗಿದ್ದರೆ ಸೆನ್ಸರ್ ಇರಬೇಕೆಂದಿಲ್ಲ. ಅದನ್ನು ಬಳಸುವಾಗ ಸವಾರಿ ಅಸಾಧ್ಯವೆಂದು ಕಣ್ಣಿಗೆ ಕಾಣುವಂತಿದ್ದರೆ ಸಾಕು. ಉದಾಹರಣೆಗೆ, ಕೇಬಲ್ ಸೀಟಿನ ಮೇಲಿಂದಲೇ ಹಾದುಹೋಗಬೇಕು, ಇಲ್ಲವೇ ಅದನ್ನಿಟ್ಟ ಜಾಗದ ಮೇಲಿನ ಸೀಟು ಚಾರ್ಜ್ ಮುಗಿಯುವವರೆಗೆ ತೆರೆದೇ ಇರಬೇಕು.