ಕಕ್ಕೆ ಮರ: ಬೀಜದಿಂದ ಸಸಿ ಬೆಳೆಸುವ ವಿಧಾನ

ಕಕ್ಕೆ (ಕ್ಯಾಸಿಯಾ ಫಿಸ್ಟುಲಾ) ಬೇಸಿಗೆಯಲ್ಲಿ ಎಲೆ ಉದುರಿಸಿ, ಹಳದಿ ಹೂಗೊಂಚಲುಗಳನ್ನು ಇಳಿಬಿಡುವ ನಮ್ಮ ನಾಡಿನ ಮರ. ನೆರೆಯ ಕೇರಳದ ರಾಜ್ಯಪುಷ್ಪವೂ ಇದೇ. ಕಾಪು ಪರಿಸರದ ಮನೆಯಂಗಳ, ಶಾಲಾ ಆವರಣ ಹಾಗೂ ರಸ್ತೆಬದಿಗೆ ಸೂಕ್ತವಾಗಿದೆ. ಆದರೆ ಬಿತ್ತಿದ ಬೀಜ ಮೊಳೆಯಲಿಲ್ಲವೆಂದು ಅನೇಕರು ಇದನ್ನು ಕೈಬಿಡುತ್ತಾರೆ. ದೋಷ ಬೀಜದ್ದಲ್ಲ, ಅದರ ಗಡುಸಾದ ಸಿಪ್ಪೆ ನೀರನ್ನು ಒಳಗೆ ಬಿಡುವುದಿಲ್ಲ. ಬೀಜೋಪಚಾರವಿಲ್ಲದೆ ಬಿತ್ತಿದರೆ ಕೆಲವೇ ಬೀಜಗಳು, ಅವೂ ಬಹಳ ತಡವಾಗಿ ಮೊಳೆಯುತ್ತವೆ.

ಬೀಜ ಸಂಗ್ರಹಣೆ
ಚೆನ್ನಾಗಿ ಹೂ ಬಿಡುವ ತಾಯಿಮರದಿಂದ ಜನವರಿ–ಮಾರ್ಚ್ ಅವಧಿಯಲ್ಲಿ ಕಪ್ಪಗೆ ಬಲಿತು ಒಣಗಿದ ಕಾಯಿಗಳನ್ನು ಆಯ್ದುಕೊಳ್ಳಿ. ಒಡೆದು, ಬೀಜಕ್ಕಂಟಿದ ತಿರುಳನ್ನು ತೊಳೆದು ನೆರಳಿನಲ್ಲಿ ಒಣಗಿಸಿ. ಹುಳು ತಿಂದ ಹಾಗೂ ಜೊಳ್ಳು ಬೀಜಗಳನ್ನು ಬೇರ್ಪಡಿಸಿ. ತಿರುಳು ಭೇದಿ ತರುವ ಗುಣವುಳ್ಳದ್ದು. ಮಕ್ಕಳು ತಿನ್ನದಂತೆ ನೋಡಿಕೊಳ್ಳಿ.

ಬೀಜೋಪಚಾರ
ಬೀಜ ಕಡಿಮೆಯಿದ್ದರೆ ಪ್ರತಿಯೊಂದರ ಒಂದು ಪಕ್ಕವನ್ನು ಉಪ್ಪುಕಾಗದದ ಮೇಲೆ, ಒಳಗಿನ ಬಿಳಿ ಭಾಗ ಕಾಣುವವರೆಗೆ ಮಾತ್ರ ಉಜ್ಜಿ. ಮೊಳಕೆ ಹೊರಡುವ ಚೂಪು ತುದಿಗೆ ಗಾಯವಾಗಬಾರದು. ನಂತರ 24 ಗಂಟೆ ನೀರಿನಲ್ಲಿ ನೆನೆಸಿ. ಬೀಜ ಹೆಚ್ಚಿದ್ದರೆ, ಕುದಿಸಿದ ನೀರನ್ನು ಒಲೆಯಿಂದ ಇಳಿಸಿದ ಬಳಿಕ ಅದರಲ್ಲಿ ಬೀಜಗಳನ್ನು ಹಾಕಿ, ನೀರು ತಣಿದ ಮೇಲೂ ಮರುದಿನದವರೆಗೆ ಹಾಗೆಯೇ ಬಿಡಿ. ಒಲೆಯ ಮೇಲೆ ಬೀಜವನ್ನು ಕುದಿಸಬೇಡಿ. ಉಬ್ಬಿದ ಬೀಜಗಳನ್ನು ಮಾತ್ರ ಬಿತ್ತಿ. ಉಬ್ಬದವುಗಳಿಗೆ ನೀರು ಇಳಿದಿಲ್ಲವೆಂದು ತಿಳಿದು, ಉಜ್ಜಿ ಮತ್ತೆ ನೆನೆಸಿ.

ಬಿತ್ತನೆ ಮತ್ತು ಪಾಲನೆ
ಕೆಂಪು ಮಣ್ಣು, ಮರಳು ಮತ್ತು ಕಳಿತ ಕೊಟ್ಟಿಗೆ ಗೊಬ್ಬರವನ್ನು ಸಮಪ್ರಮಾಣದಲ್ಲಿ ಬೆರೆಸಿ, ತಳದಲ್ಲಿ ರಂಧ್ರಗಳಿರುವ ಪಾಲಿಥೀನ್ ಚೀಲಗಳಿಗೆ ತುಂಬಿ. ಬೀಜವನ್ನು 1ರಿಂದ 2 ಸೆಂ.ಮೀ. ಆಳದಲ್ಲಿ ಬಿತ್ತಿ, ಮಣ್ಣು ತೇವವಾಗಿರುವಷ್ಟು ನೀರುಣಿಸಿ. ಉಪಚರಿಸಿದ ಬೀಜ ಸಾಮಾನ್ಯವಾಗಿ ಒಂದರಿಂದ ಮೂರು ವಾರಗಳಲ್ಲಿ ಮೊಳೆಯುತ್ತದೆ.

ಉಡುಪಿ ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 4,000 ಮಿ.ಮೀ. ಮಳೆಯಾಗುತ್ತದೆ. ಎಳೆಯ ಸಸಿಗಳ ಬುಡ ಕೊಳೆಯದಿರಲು, ಮೊದಲ ಮಳೆಗಾಲದಲ್ಲಿ ಚೀಲಗಳನ್ನು ನೀರು ನಿಲ್ಲದ ಎತ್ತರದ ಜಾಗದಲ್ಲಿ, ಮಳೆಯ ಹೊಡೆತ ತಪ್ಪುವ ಮಾಡಿನಡಿ ಇರಿಸಿ. ಬೆಳಕು ಸಾಕಷ್ಟಿರಲಿ. ತಾಯಿಬೇರು ಚೀಲದಿಂದ ನೆಲಕ್ಕೆ ಇಳಿಯದಂತೆ ಆಗಾಗ ಚೀಲಗಳನ್ನು ಸರಿಸಿ. ಬೆಳೆದಂತೆ ದೊಡ್ಡ ಚೀಲಕ್ಕೆ ಬದಲಾಯಿಸಿ. ಎಲೆ ತಿನ್ನುವ ಹಸಿರು ಹುಳುಗಳು ಬಹುತೇಕ ಹಳದಿ ಚಿಟ್ಟೆಗಳ ಮರಿಗಳು. ಸಸಿಯಿಂದ ಕೈಯಲ್ಲೇ ಆರಿಸಿದರೆ ಸಾಕು, ಕೀಟನಾಶಕ ಬೇಕಿಲ್ಲ.

ನಾಟಿ
ಮುಂದಿನ ವರ್ಷದ ಜೂನ್‌ನಲ್ಲಿ ಮಳೆ ಹಿಡಿದ ಕೂಡಲೇ 60 ಸೆಂ.ಮೀ. ಉದ್ದ, ಅಗಲ ಮತ್ತು ಆಳದ ಗುಂಡಿಯಲ್ಲಿ ನೆಡಿ. ಮುರಕಲ್ಲು ಸಿಕ್ಕಿದಲ್ಲಿ ಅದನ್ನು ಒಡೆದು ಮೇಲ್ಮಣ್ಣು ತುಂಬಿಸಿ. ಇಲ್ಲವಾದರೆ ಗುಂಡಿಯಲ್ಲಿ ನೀರು ನಿಂತು ಬೇರು ಕೊಳೆಯುತ್ತದೆ. ಕಡಲತೀರದ ಮರಳು ನೆಲದಲ್ಲಿ ಗೊಬ್ಬರ ಹೆಚ್ಚಿಸಿ, ಉಪ್ಪುಗಾಳಿ ನೇರವಾಗಿ ತಾಗದ ಜಾಗ ಆರಿಸಿ. ದಿನವಿಡೀ ಬಿಸಿಲು ಬೀಳಬೇಕು. ವಿದ್ಯುತ್ ತಂತಿಯ ಕೆಳಗೆ ನೆಡಬಾರದು. ಮೊದಲ ಎರಡು ಬೇಸಿಗೆಗಳಲ್ಲಿ ನೀರು ಮತ್ತು ತರಗೆಲೆಯ ಹೊದಿಕೆ ಅಗತ್ಯ.

ಬೀಜದ ಸಸಿ ಹೂ ಬಿಡಲು ಹಲವು ವರ್ಷ ಬೇಕು. ಉಪಚಾರಕ್ಕೆ ತಗಲುವ ಒಂದು ದಿನವನ್ನು ಉಳಿಸಹೋದರೆ ಆ ಕಾಯುವಿಕೆಗೆ ಮತ್ತೊಂದು ವರ್ಷ ಸೇರುತ್ತದೆ. ಹೆಚ್ಚಿನ ಮಾಹಿತಿಗೆ ಬ್ರಹ್ಮಾವರದ ವಲಯ ಕೃಷಿ ಮತ್ತು ತೋಟಗಾರಿಕಾ ಸಂಶೋಧನಾ ಕೇಂದ್ರವನ್ನು ಸಂಪರ್ಕಿಸಬಹುದು.